ಕಿವಿಮೇಷ್ಟ್ರ ವಾಲ್ವ್ ಸೆಟ್ಟು

ಕಿವಿಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಅವರು ದುಡಿದದ್ದು ಪಿಂಗಾಣಿ ಕಾರ್ಖಾನೆಯಲ್ಲಿ. ಕರೆಂಟ್ ಕಂಬದ ಮೇಲೆ ತಂತಿ ಹೊತ್ತು ಕೂತಿರುತ್ತದಲ್ಲ ಒಂದು ಕಂದುಬಣ್ಣದ ಬಟ್ಟಲು, ಅದು ಅಲ್ಲಿ ತಯಾರಾಗುತ್ತಿತ್ತು. ಗೂಡಿನಲ್ಲಿ ಬೆಂದು, ಆರಿ ಹೊರಬಂದ ಪ್ರತಿಯೊಂದು ಬಟ್ಟಲನ್ನೂ ಎಡಗೈಯ ಮೂರು ಬೆರಳ ಮೇಲೆ ನಿಲ್ಲಿಸಿಕೊಂಡು, ಬಲಗೈಯಲ್ಲಿದ್ದ ಸಣ್ಣ ಮರದ ಸುತ್ತಿಗೆಯಿಂದ ಒಂದೇ ಒಂದು ಸಲ ತಟ್ಟಿ, ಬರುವ ದನಿಯನ್ನು ಕೇಳುವುದು ಅವರ ಕೆಲಸ. ಣಂ ಎಂದರೆ ಸರಿ. ಟಪ್ ಎಂದರೆ ಒಳಗೆಲ್ಲೋ ಕೂದಲೆಳೆಯಷ್ಟು ಬಿರುಕಿದೆ ಎಂದು ಅರ್ಥ. ಸೀಮೆಸುಣ್ಣದಲ್ಲಿ ಒಂದು ಇಂಟು ಮಾರ್ಕು ಹಾಕಿ ಪಕ್ಕದ ಬುಟ್ಟಿಗೆ ಎಸೆಯುವುದು. ದಿನಕ್ಕೆ ಸಾವಿರದಿನ್ನೂರು ಬಟ್ಟಲು, ಮೂವತ್ತೊಂದು ವರ್ಷ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವರಿಂದ ಮೂರು ಮೇಜು ಆಚೆ ಕೂತವರೂ ಮ್ಯಾನೇಜರನ್ನು ಬೈಯುವ ಮುಂಚೆ ಒಮ್ಮೆ ಅವರ ಕಡೆ ನೋಡಿಕೊಳ್ಳುತ್ತಿದ್ದರಂತೆ. ಮೇಷ್ಟ್ರು ಎಂಬ ಹೆಸರು ಬಂದದ್ದು ಆ ಭಯಕ್ಕೇ.

ಇಂಥ ಕಿವಿಯನ್ನು ಕಾಪಾಡಿಕೊಳ್ಳುವುದೆಂದರೆ ಹುಡುಗಾಟವಲ್ಲ. ಕೆಲಸ ಮುಗಿಸಿ ಮನೆಗೆ ಬಂದರೆ ಅವರಿಗೆ ನಿಶ್ಶಬ್ದ ಬೇಕು. ಕಿವಿಗೆ ವಿಶ್ರಾಂತಿ ಸಿಗದಿದ್ದರೆ ಮರುದಿನ ಬಿರುಕು ಕಿವಿ ತಪ್ಪಿಸಿಕೊಂಡು ಹೋಗುತ್ತದೆ, ತಪ್ಪಿದ ಬಟ್ಟಲು ಕಂಬ ಹತ್ತುತ್ತದೆ, ಕಂಬ ಹತ್ತಿದ್ದು ಒಡೆದರೆ ಯಾರದೋ ಜೀವಕ್ಕೆ ಸಂಚಕಾರ ಎಂದು ಅವರು ವಾದಿಸುತ್ತಿದ್ದರು. ಸುಳ್ಳೇನಲ್ಲ. ಹಾಗಾಗಿ ಮೂರಂತಸ್ತಿನ ಕಟ್ಟಡದ ಎರಡನೇ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಕುರ್ಚಿ ಕಾಲುಗಳಿಗೆಲ್ಲ ದಪ್ಪ ಬಟ್ಟೆ ಸುತ್ತಿತ್ತು. ಗೋಡೆ ಗಡಿಯಾರ ಮದುವೆಯಾದ ವಾರದಲ್ಲೇ ಹೊರಗಿನ ಮೆಟ್ಟಿಲ ಗೋಡೆಗೆ ವರ್ಗವಾಗಿ ಇಡೀ ಕಟ್ಟಡಕ್ಕೆ ಹೊತ್ತು ತೋರಿಸುತ್ತಿತ್ತು. ಮಗಳು ಚಿಕ್ಕವಳಿದ್ದಾಗ ಗೋಲಿ ಆಡಿದ್ದು ಮಂಚದ ಹಾಸಿಗೆಯ ಮೇಲೆ. ರೇಡಿಯೋ, ಟೇಪು, ಟೀವಿ ಯಾವುದೂ ಆ ಮನೆಯ ಹೊಸ್ತಿಲು ದಾಟಿರಲಿಲ್ಲ.

ರೇಡಿಯೋ ಬೇಡವಾಗಿದ್ದದ್ದು ಅವರಿಗೆ, ಹೆಂಡತಿಗಲ್ಲ. ಹೆಂಡತಿಯನ್ನು ಕಟ್ಟಡದವರೆಲ್ಲ ಹೊಲಿಗೆಯಮ್ಮ ಎನ್ನುತ್ತಿದ್ದರು. ಸೋಫಾ ಅಂಗಡಿಗಳಿಗೆ ಕವರು ಹೊಲಿದುಕೊಡುವುದು ಆಕೆಯ ಕಸುಬು. ತವರಿನಲ್ಲಿ ಅಣ್ಣನದೊಂದು ವಾಚ್ ರಿಪೇರಿ ಅಂಗಡಿ ಇತ್ತು, ಅಂಗಡಿಯಲ್ಲೊಂದು ಹಳೆಯ ವಾಲ್ವ್ ರೇಡಿಯೋ ಇತ್ತು. ಒಳಗಿನ ಗಾಜಿನ ಬುರುಡೆಗಳು ಕೆಂಪಗೆ ಕಾದ ಮೇಲಷ್ಟೇ ದನಿ ಬರುವಂಥದ್ದು. ಗುರುವಾರ ಮಧ್ಯಾಹ್ನ ಮೂರಕ್ಕೆ ಅದರಲ್ಲಿ ಅರ್ಧ ಗಂಟೆ ಪಿಟೀಲು ಬರುತ್ತಿತ್ತು. ರೆಕಾರ್ಡು ಹಾಕುವುದಲ್ಲ, ಯಾರಾದರೂ ಸ್ಟೇಷನ್ನಿಗೇ ಬಂದು ಕೂತು ನುಡಿಸುವುದು. ಹುಡುಗಿಯಾಗಿದ್ದಾಗ ಹೊಲಿಗೆಯಮ್ಮ ಒಂದೇ ಒಂದು ಗುರುವಾರವನ್ನೂ ತಪ್ಪಿಸಿದವರಲ್ಲ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಒಂದೇ ಒಂದು ಗುರುವಾರವೂ ಸಿಗಲಿಲ್ಲ. ಹೊಲಿಗೆ ಮಷೀನಿನ ಕೆಳಗೂ ನಾಲ್ಕು ಮಡಿಕೆಯ ಕಂಬಳಿ ಹಾಕಿಕೊಂಡು, ಸದ್ದು ಕೆಳಗಿನ ಮನೆಗಿರಲಿ, ಪಕ್ಕದ ಕೋಣೆಗೂ ಹೋಗದ ಹಾಗೆ ತುಳಿಯುವುದನ್ನು ಆಕೆ ಕಲಿತರು.

"ನಿಮ್ಮ ಕಿವಿ ಮೇಲೇ ಮನೆ ನಡೀತಿದೆ, ಇರ್ಲಿ ಬಿಡಿ," ಎಂದಿದ್ದರು, ಮೊದಮೊದಲಿಗೆ.

"ರಿಟೈರ್ ಆದ ಮಾರನೇ ದಿನ ನಿಂಗೊಂದು ಒಳ್ಳೇ ಸೆಟ್ ತಂದಿಡ್ತೀನಿ. ಅಂಥಿಂಥದ್ದಲ್ಲ," ಎಂದು ಕಿವಿಮೇಷ್ಟ್ರು ಮಾತು ಕೊಟ್ಟಿದ್ದರು.

ಮಾತು ಕೊಟ್ಟು ಮೂವತ್ತು ವರ್ಷವಾದ ಮೇಲೆ ರಿಟೈರ್ ಆದರು. ಹಾರ ಹಾಕಿಸಿಕೊಂಡು, ಸುತ್ತಿಗೆಯನ್ನು ಕೇಳಿ ತೆಗೆದುಕೊಂಡು ಮನೆಗೆ ಬಂದರು. ಮಾರನೇ ದಿನ ಸೆಟ್ಟು ತರಲಾಗಲಿಲ್ಲ, ಏಕೆಂದರೆ ಅದೇ ವಾರ ಹೊಲಿಗೆಯಮ್ಮನಿಗೆ ಎಡಗಿವಿಯಲ್ಲಿ ಫೋನು ಕೇಳಿಸುವುದಿಲ್ಲ ಎಂಬುದು ಗೊತ್ತಾಯಿತು. ಬಹಳ ದಿನದಿಂದಲೇ ಕೇಳಿಸುತ್ತಿರಲಿಲ್ಲವಂತೆ. ಸದ್ದೇ ಇಲ್ಲದ ಮನೆಯಲ್ಲಿ ಕೇಳಿಸದಿರುವುದು ತಿಳಿಯುವುದಾದರೂ ಹೇಗೆ?

ಕಿವಿ ಡಾಕ್ಟರಮ್ಮ ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿಸಿ, ಕಾಗದದ ಮೇಲೆ ಗೆರೆ ಎಳೆದು ನೋಡಿದರು. ಹೆಂಡತಿ ಹೆಡ್‌ಫೋನ್ ತೆಗೆದಿಟ್ಟು ಹೊರಗೆ ಬರುವಷ್ಟರಲ್ಲಿ ಕಿವಿಮೇಷ್ಟ್ರಿಗೆ ಹೇಳಿ ಮುಗಿಸಿದರು.

"ಎಡಗಿವಿ ಹೋಗಿದೆ. ಬಲಗಿವಿ ನರಾನೂ ಒಣಗ್ತಾ ಇದೆ. ಒಂದು ವರ್ಷ, ಹೆಚ್ಚು ಅಂದ್ರೆ ಒಂದೂವರೆ ವರ್ಷ. ಮಷೀನ್ ಹಾಕ್ಬಹುದು, ಆದ್ರೆ ನರಾನೇ ಹೋದ್ಮೇಲೆ ಮಷೀನ್ ಏನೂ ಮಾಡಲ್ಲ. ಏನಾದ್ರೂ ಕೇಳಿಸ್ಕೋಬೇಕು ಅಂತ ಆಸೆ ಇದ್ರೆ ಈಗ್ಲೇ ಕೇಳಿಸ್ಕೊಳ್ಳಿ ಅಂತ ಹೇಳಿ."

ಕಿವಿಮೇಷ್ಟ್ರು ಅದನ್ನು ಹಾಗೇ ಹೆಂಡತಿಗೆ ಹೇಳಿದರು. ಮುಚ್ಚಿಡುವುದು ಅವರಿಗೆ ಬಾರದು. ಬಸ್ಸಿನಲ್ಲಿ ಬಲಗಿವಿ ತಮ್ಮ ಕಡೆ ಬರುವ ಹಾಗೆ ಆಕೆಯನ್ನು ಕಿಟಕಿಗೆ ಕೂರಿಸಿ ಹೇಳಿದರು. ಹೊಲಿಗೆಯಮ್ಮ ಬಸ್ ಟಿಕೆಟನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡರು.

"ನೋಡಿ ಮತ್ತೆ," ಎಂದರು ಆಮೇಲೆ. "ದಿನಾ ದುಡಿದ ನಿಮ್ಮ ಕಿವಿ ಗಟ್ಟಿಯಾಗಿದೆ. ಮೂವತ್ತೊಂದು ವರ್ಷ ಕೆಲ್ಸ ಇಲ್ದೆ ಕೂತು ಕೂತು ನನ್ನ ಕಿವಿ ತುಕ್ಕು ಹಿಡೀತು."

ತಮಾಷೆಗೇ ಅಂದದ್ದು. ಆದರೆ ಅದು ಕಿವಿಮೇಷ್ಟ್ರ ಎದೆಗೆ ಹೋಗಿ ನಾಟಿತು, ಮತ್ತೆ ಹೊರಗೆ ಬರಲಿಲ್ಲ.

ಮಾರನೇ ಬೆಳಿಗ್ಗೆಯೇ ಅವರು ಅಂಗಡಿ ಹುಡುಕಿಕೊಂಡು ಹೊರಟರು. ಹಳೆಯ ಬಸ್ ಡಿಪೋದ ಹಿಂದಿನ ಓಣಿಯಲ್ಲಿ, ಕನ್ನಡಕದ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ, ಹಳೆಯ ವಾಲ್ವ್ ಸೆಟ್ಟುಗಳನ್ನು ರಿಪೇರಿ ಮಾಡಿ ಮಾರುವ ಒಬ್ಬನಿದ್ದ. ಓಣಿಯವರು ಅವನನ್ನು ರೇಡಿಯೋದವನು ಎನ್ನುತ್ತಿದ್ದರು. ನಲವತ್ತೈದರ ಆಸುಪಾಸು, ಹಣೆಯ ಮೇಲೆ ಏರಿಸಿಟ್ಟ ಭೂತಕನ್ನಡಿ, ಬೆಸುಗೆ ಹಾಕುವಾಗ ಬಿದ್ದ ಸಣ್ಣ ಸುಟ್ಟ ಕಲೆಗಳಿಂದ ತುಂಬಿದ ಅಂಗಿತೋಳು. ಸೆಟ್ಟೆಂದರೆ ಒಂದು ಪೆಟ್ಟಿಗೆಯಲ್ಲ, ನಾಲ್ಕು ಎಂದು ಅವನು ಸಮಾಧಾನವಾಗಿ ತಿಳಿಸಿಹೇಳಿದ. ಸ್ಟೇಷನ್ ಹಿಡಿಯುವುದಕ್ಕೆ ಟ್ಯೂನರ್, ಹಿಡಿದದ್ದನ್ನು ದೊಡ್ಡದು ಮಾಡುವುದಕ್ಕೆ ಆಂಪ್ಲಿಫೈಯರ್, ದನಿ ಹೊರಡಿಸುವುದಕ್ಕೆ ಎಡಕ್ಕೊಂದು ಬಲಕ್ಕೊಂದು ಸ್ಪೀಕರು. ವಾಲ್ವಿನದೇ ಆಂಪ್ಲಿಫೈಯರ್ ಬೇಕು ಎಂದರು ಕಿವಿಮೇಷ್ಟ್ರು. ಈಗಿನ ಸೆಟ್ಟುಗಳ ದನಿ ತನ್ನ ಉಳಿದ ಕಿವಿಗೆ ಚುಚ್ಚುತ್ತದೆ, ಅಣ್ಣನ ಅಂಗಡಿಯದು ಬೆಚ್ಚಗಿರುತ್ತಿತ್ತು ಎಂದು ಹೆಂಡತಿ ಹೇಳಿ ಕಳಿಸಿದ್ದರು.

ಅಂಗಡಿಯಲ್ಲಿ ಮಾರಾಟಕ್ಕೆ ನಾಲ್ಕು ಆಂಪ್ಲಿಫೈಯರುಗಳಿದ್ದವು, ಡಬ್ಬಿ ತುಂಬ ಬಿಡಿ ವಾಲ್ವುಗಳಿದ್ದವು. ರೇಡಿಯೋದವನು ಒಂದೊಂದೇ ವಾಲ್ವನ್ನು ಸೆಟ್ಟಿಗೆ ಸಿಕ್ಕಿಸಿ, ಪೆನ್ಸಿಲ್ಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ ಪರೀಕ್ಷೆ ಮಾಡುವುದನ್ನು ಕಂಡು ಕಿವಿಮೇಷ್ಟ್ರ ಮುಖ ಅರಳಿತು.

"ಇಲ್ಲಿ ಕೊಡಿ. ಇದು ನನ್ನ ಕೆಲ್ಸ," ಎಂದರು.

ಕೊಟ್ಟುಬಿಟ್ಟು ರೇಡಿಯೋದವನು ಊಟಕ್ಕೆ ಹೋದ. ಬಂದು ನೋಡುತ್ತಾನೆ, ಡಬ್ಬಿಯಲ್ಲಿದ್ದ ವಾಲ್ವುಗಳೆಲ್ಲ ಎರಡು ಸಾಲಾಗಿ ನಿಂತಿವೆ. ಒಂದು ಸಾಲಿನವುಗಳ ಗಾಜಿನ ಮೇಲೆ ಸೀಮೆಸುಣ್ಣದ ಇಂಟು ಮಾರ್ಕು. ಸೀಮೆಸುಣ್ಣವನ್ನು ಈ ಮನುಷ್ಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಾನೆಂದು ಅವನಿಗೇನು ಗೊತ್ತು? ಅವನು ಗುರುತಿದ್ದ ಸಾಲಿನಿಂದ ನಾಲ್ಕನ್ನು ತಾನೇ ತಟ್ಟಿ ನೋಡಿದ, ಗುರುತಿಲ್ಲದ ಸಾಲಿನಿಂದ ನಾಲ್ಕನ್ನು ತಟ್ಟಿ ನೋಡಿದ, ಭೂತಕನ್ನಡಿಯನ್ನು ಹಣೆಯಿಂದ ಇಳಿಸಿ ಮೇಜಿನ ಮೇಲಿಟ್ಟ.

"ಸಾರ್, ಇದು ಪೂರ್ತಿ ಉಲ್ಟಾ. ವಾಲ್ವನ್ನ ತಟ್ಟಿದ್ರೆ ಸ್ಪೀಕರು ಸುಮ್ನಿರ್ಬೇಕು. ಣಂ ಅಂದ್ರೆ ಒಳಗೆ ಏನೋ ಸಡಿಲ ಆಗಿದೆ ಅಂತ. ನೀವು ಒಳ್ಳೇದಕ್ಕೆಲ್ಲಾ ಇಂಟು ಹಾಕಿ, ಕೆಟ್ಟಿದ್ದನ್ನೆಲ್ಲಾ ಪಾಸ್ ಮಾಡಿದೀರಿ."

ಕಿವಿಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡರು. ಮೂವತ್ತೊಂದು ವರ್ಷದ ವಿದ್ಯೆ ಒಂದು ಊಟದ ಹೊತ್ತಿನಲ್ಲಿ ತಲೆಕೆಳಗಾದರೆ ಯಾರಿಗೆ ತಾನೇ ಹಾಗಾಗುವುದಿಲ್ಲ? ಬೇರೆಯವರಾಗಿದ್ದರೆ ಇದರಿಂದ ಪಾಠ ಕಲಿತು, ರೇಡಿಯೋದವನು ಹೇಳಿದ್ದನ್ನು ತೆಗೆದುಕೊಂಡು ಮನೆಗೆ ಹೋಗುತ್ತಿದ್ದರು. ಇವರೂ ಪಾಠ ಕಲಿತರು, ಇನ್ನೂ ಹೆಚ್ಚು ಎಚ್ಚರವಾಗಿರಬೇಕೆಂಬ ಪಾಠವನ್ನು. ಅಂದಿನಿಂದ ಮಂಗಳವಾರ, ಶನಿವಾರ ತಪ್ಪದೆ ಅಂಗಡಿಗೆ ಬರತೊಡಗಿದರು. ಬೀಗದವನು ಬಾಗಿಲು ತೆಗೆಯುವ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು.

ಅವರು ಆಂಪ್ಲಿಫೈಯರ್ ಆರಿಸುವ ಕ್ರಮವನ್ನು ರೇಡಿಯೋದವನು ಇಡೀ ಜನ್ಮದಲ್ಲಿ ಕಂಡಿರಲಿಲ್ಲ. ಗಿರಾಕಿಗಳು ಬಂದರೆ ತಮಗಿಷ್ಟವಾದ ಹಾಡು ಹಾಕಿಸಿಕೊಳ್ಳುತ್ತಾರೆ. ಕಿವಿಮೇಷ್ಟ್ರು ಸೆಟ್ಟನ್ನು ಆನ್ ಮಾಡಿಸಿ, ಏನನ್ನೂ ಹಾಕಿಸದೆ, ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ತಲೆ ತಗ್ಗಿಸಿಬಿಡುತ್ತಿದ್ದರು.

"ಮೇಷ್ಟ್ರೇ, ಒಂದು ಹಾಡಾದ್ರೂ ಹಾಕ್ಲಾ?" ಎಂದು ಅವನು ಕೇಳಿದ. ಅಷ್ಟು ಹೊತ್ತಿಗೆ ಅವನೂ ಮೇಷ್ಟ್ರೇ ಎನ್ನಲು ಶುರುಮಾಡಿದ್ದ.

"ಬೇಡಪ್ಪ. ಹಾಡು ಹಾಕಿದ್ರೆ ತಪ್ಪು ಮುಚ್ಚಿಹೋಗುತ್ತೆ."

ಮೊದಲನೆಯದು ಕಪ್ಪು ಬಣ್ಣದ ದೊಡ್ಡ ಸೆಟ್ಟು. ಎಡಗಡೆ ಸ್ಪೀಕರಿನಲ್ಲಿ ಉಸಿರೆಳೆದಂಥ ಸದ್ದಿದೆ ಎಂದು ಅದನ್ನು ಬಿಟ್ಟರು. ಎರಡನೆಯದು ಕಾದ ಮೇಲೆ ಚಿಟ್ ಎನ್ನುತ್ತದೆ, ಗಂಟೆಗೆ ಎರಡು ಸಲವಾದರೂ. ಮೂರನೆಯದರ ಸ್ವಿಚ್ಚು ಒತ್ತುವಾಗ ಗಂಟಲು ಕೆರೆಯುತ್ತದೆ. ನಾಲ್ಕನೆಯದು ಮರದ ಪೆಟ್ಟಿಗೆಯದ್ದು, ಮುಚ್ಚಿಹೋದ ಯಾವುದೋ ಡ್ಯಾನ್ಸ್ ಶಾಲೆಯಿಂದ ಬಂದದ್ದು. ಆನ್ ಮಾಡಿದ ಕೂಡಲೇ ಹೊಟ್ಟೆಯೊಳಗಿಂದ ಗುಂಯ್ ಎನ್ನುತ್ತಿತ್ತು, ಬಾಗಿಲ ಚೌಕಟ್ಟು ಕೊರೆಯುವ ದುಂಬಿಯ ಹಾಗೆ. ಒಳಗಿನ ಟ್ರಾನ್ಸ್‌ಫಾರ್ಮರಿನ ತಗಡುಗಳು ಸಡಿಲವಾಗಿವೆ, ಬಿಚ್ಚಿ, ನಾಲ್ಕು ಸ್ಕ್ರೂ ಬಿಗಿಮಾಡಿ, ವಾರ್ನಿಷ್ ಕುಡಿಸಿ ಒಣಗಿಸಬೇಕು, ವಾರ ಹಿಡಿಯುತ್ತದೆ, ಕೊಳ್ಳುವವರು ಬಂದಾಗ ಮಾಡೋಣವೆಂದು ಬಿಟ್ಟಿದ್ದೇನೆ ಎಂದ ರೇಡಿಯೋದವನು. ಕಿವಿಮೇಷ್ಟ್ರು ಅಷ್ಟು ಕೇಳುವ ಮೊದಲೇ ಅದರ ಮುಚ್ಚಳದ ಮೇಲೆ ಇಂಟು ಮಾರ್ಕು ಹಾಕಿ ಆಗಿತ್ತು. ಮಿಕ್ಕವುಗಳ ಮೇಲಿನ ಗುರುತು ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಮರದ ಸಂದಿಗೆ ಇಳಿದ ಸೀಮೆಸುಣ್ಣ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ.

ಹೀಗೆ ಎರಡು ತಿಂಗಳು. ರೇಡಿಯೋದವನು ಬೇರೆ ಕಡೆಯಿಂದ ಇನ್ನೂ ಮೂರು ಆಂಪ್ಲಿಫೈಯರ್ ತರಿಸಿದ. ಮೂರಕ್ಕೂ ಮೇಷ್ಟ್ರು ಮೂಗು ಮುರಿದರು. ಆಮೇಲೆ ಟ್ಯೂನರುಗಳ ಸರದಿ. ಒಂದು ಸ್ಟೇಷನ್ನಿಗೂ ಇನ್ನೊಂದಕ್ಕೂ ನಡುವೆ ಬರುವ ಸುಯ್ಯೆನ್ನುವ ಸದ್ದನ್ನು ಕೇಳುತ್ತಾ ಮೂರು ವಾರ ಕಳೆದರು. ಕೊನೆಗೆ ಎಡಬಲದ ವಿಚಾರ ತಲೆಗೆ ಹೊಕ್ಕಿತು. ಒಳ್ಳೆಯ ಸೆಟ್ಟಿನಲ್ಲಿ ಎಡಗಡೆಯ ದನಿ ಎಡಕ್ಕೇ, ಬಲಗಡೆಯದು ಬಲಕ್ಕೇ, ಎಳ್ಳಷ್ಟೂ ಬೆರೆಯದೆ ಬರಬೇಕೆಂದು ಅವರು ಎಲ್ಲೋ ಓದಿದ್ದರು. ಸ್ಪೀಕರುಗಳನ್ನು ಇಂಚಿಂಚೇ ಸರಿಸುತ್ತಾ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಎರಡು ತಿಂಗಳು.

"ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ," ಎಂದ ರೇಡಿಯೋದವನು ಒಂದು ಶನಿವಾರ. "ಮೊಸರಲ್ಲಿ ಕಲ್ಲು ಹುಡುಕೋರನ್ನ ನೋಡಿದೀನಿ. ನೀವು ಮೊಸರು ಬೇಡ, ಕಲ್ಲು ಮಾತ್ರ ತೋರ್ಸಿ ಅಂತಿದೀರಿ."

ಭಾನುವಾರಗಳಂದು ಬರುತ್ತಿದ್ದ ಮಗಳದೂ ಅದೇ ರಾಗ. "ಅಪ್ಪಾ, ಅಂಗಡಿಯವ್ರು ನಿಮಗೆ ಸಂಬಳ ಏನಾದ್ರೂ ಕೊಡ್ತಾರಾ?"

ಹೊಲಿಗೆಯಮ್ಮ ಮಾತ್ರ ಏನೂ ಕೇಳುತ್ತಿರಲಿಲ್ಲ. ಮಂಗಳವಾರ, ಶನಿವಾರ ಇವರು ಬರಿಗೈಯಲ್ಲಿ ಬಂದಾಗ ಕೈ ನೋಡುತ್ತಿದ್ದರು, ಒಳಗೆ ಹೋಗುತ್ತಿದ್ದರು. ಕಿವಿಮೇಷ್ಟ್ರಿಗೆ ಅದು ಕಾಣುತ್ತಿರಲಿಲ್ಲ ಎಂದಲ್ಲ. ಮೂವತ್ತೊಂದು ವರ್ಷ ಕಸಿದುಕೊಂಡದ್ದಕ್ಕೆ ಪ್ರತಿಯಾಗಿ ಕೊಡುವ ವಸ್ತುವಿನಲ್ಲಿ ಒಂದು ಬಿರುಕೂ ಇರಬಾರದು ಎಂದು ಅವರು ಪಟ್ಟು ಹಿಡಿದಿದ್ದರು. ಬಿರುಕಿಲ್ಲದ್ದು ಸಿಗುವವರೆಗೆ ಆಕೆಯ ಕಿವಿ ಕಾಯುತ್ತದೆಯೇ ಎಂದು ಯೋಚಿಸುವುದಕ್ಕೆ ಹೆದರಿ ಯೋಚಿಸುತ್ತಲೇ ಇರಲಿಲ್ಲ.

ಐದು ತಿಂಗಳು ತುಂಬಿದ ಮೇಲೆ ಒಂದು ಮಂಗಳವಾರ ಅವರು ಅಂಗಡಿಯಿಂದ ಮಧ್ಯಾಹ್ನವೇ ಹಿಂತಿರುಗಿದರು. ಮೆಟ್ಟಿಲು ಹತ್ತುವಾಗಲೇ ಮೇಲಿಂದ ಏನೋ ಕುಟ್ಟುವ ಸದ್ದು ಕೇಳಿಸಿತು. ಯಾರೋ ಮನೆ ರಿಪೇರಿ ಮಾಡಿಸುತ್ತಿದ್ದಾರೆ ಎಂದುಕೊಂಡರು. ಎರಡನೇ ಮಹಡಿಗೆ ಬಂದರೆ ಸದ್ದು ತಮ್ಮ ಮನೆಯದೇ. ಕೆಳಗಿನ ಮನೆಯಾಕೆ ಮೆಟ್ಟಿಲ ಮೇಲೆ ನಿಂತಿದ್ದರು.

"ಬೆಳಿಗ್ಗೆ ನೀವು ಹೋದಾಗಿನಿಂದ ಹೀಗೇ, ಮೇಷ್ಟ್ರೇ. ಬಾಗಿಲು ಬಡಿದ್ರೆ ತೆಗೆಯಲ್ಲ. ಏನಾದ್ರೂ ಬೇಜಾರಾ ನಮ್ಮೇಲೆ?"

ಕಿವಿಮೇಷ್ಟ್ರು ಬೆಲ್ ಒತ್ತಿದರು. ಮತ್ತೆ ಒತ್ತಿದರು. ಕೀಲಿಯಿಂದ ಬಾಗಿಲು ತೆಗೆದು ಒಳಗೆ ಹೋದರು. ಹೊಲಿಗೆ ಮಷೀನಿನ ಕೆಳಗಿನ ಕಂಬಳಿ ಜಾರಿ ಗೋಡೆಯ ಬದಿಗೆ ಹೋಗಿತ್ತು. ಮಷೀನಿನ ಕಬ್ಬಿಣದ ಕಾಲುಗಳು ಬರೀ ನೆಲದ ಮೇಲೆ ಕುಣಿಯುತ್ತಿದ್ದವು, ತಟ್ಟೆಗಳ ಕಪಾಟು ಗಲಗಲ ನಡುಗುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಆ ಮನೆಯೊಳಗೆ ಅಷ್ಟು ಸದ್ದು ಆಗಿರಲಿಲ್ಲ. ಅದರ ನಡುವೆ ಹೊಲಿಗೆಯಮ್ಮ ಬೆನ್ನು ಬಾಗಿಸಿ, ಹಳೆಯ ಅಭ್ಯಾಸದಂತೆ ಸದ್ದಾಗದ ಹಾಗೆ ಮೆಲ್ಲಗೆ, ಹುಷಾರಾಗಿ ತುಳಿಯುತ್ತಿದ್ದರು.

ಕಿವಿಮೇಷ್ಟ್ರು ಕೀಲಿಯನ್ನು ಜೇಬಿಗೆ ಹಾಕಿಕೊಂಡರು. ಅವರು ಹಿಂದಿನಿಂದ ಕರೆಯಲಿಲ್ಲ. ಸುತ್ತಿಕೊಂಡು ಎದುರಿಗೆ ಹೋಗಿ ನಿಂತರು.

"ಓ, ಬಂದ್ರಾ?" ಎಂದರು ಹೊಲಿಗೆಯಮ್ಮ, ಮೊದಲು ಅವರ ಮುಖವನ್ನು, ಆಮೇಲೆ ಕೈಯನ್ನು ನೋಡಿ. "ಸದ್ದಾಗ್ತಿದೆಯಾ?"

"ಇಲ್ಲ," ಎಂದರು ಕಿವಿಮೇಷ್ಟ್ರು. ಕಂಬಳಿಯ ವಿಷಯ ಎತ್ತಲಿಲ್ಲ. ಮಾರನೇ ದಿನ ಆಕೆ ತರಕಾರಿಗೆ ಹೋದಾಗ ತಾವೇ ಮಷೀನು ಎತ್ತಿ ಕಂಬಳಿಯನ್ನು ಸರಿಮಾಡಿಟ್ಟರು. "ಇವಳೇ, ನಾಡಿದ್ದು ಗುರುವಾರ ನನ್ ಜೊತೆ ಅಂಗಡಿಗೆ ಬಾ," ಎಂದಷ್ಟೇ ಅಂದು ಹೇಳಿದ್ದರು.

ಗುರುವಾರ ಮೂರಕ್ಕೆ ಹತ್ತು ನಿಮಿಷವಿರುವಾಗ ಇಬ್ಬರೂ ಅಂಗಡಿಯ ಮೆಟ್ಟಿಲು ಹತ್ತಿದರು. ರೇಡಿಯೋದವನು ಸ್ಟೂಲು ಒರೆಸಿ ಕೊಟ್ಟ.

"ಅಂತೂ ಐದು ತಿಂಗಳಿಗೆ ಬಂದ್ರಿ, ಅಕ್ಕ. ನಾನು ಮೇಷ್ಟ್ರಿಗೆ ಮದುವೆನೇ ಆಗಿಲ್ವೇನೋ, ಸುಮ್ನೆ ಹೇಳ್ತಿದಾರೇನೋ ಅಂದ್ಕೊಂಡಿದ್ದೆ."

ಹೊಲಿಗೆಯಮ್ಮ ಬಲಗಿವಿಯನ್ನು ಅವನ ಕಡೆ ತಿರುಗಿಸಿ ಇನ್ನೊಮ್ಮೆ ಹೇಳಿಸಿಕೊಂಡು ನಕ್ಕರು. ಆಮೇಲೆ ಅಂಗಡಿಯನ್ನೆಲ್ಲ ಒಂದು ಸುತ್ತು ಕಣ್ಣಾಡಿಸಿದರು. ಟ್ಯೂನರುಗಳ ಸಾಲಿನಲ್ಲಿ ಅಂಕಿ ಮಿನುಗುವ ಎರಡನ್ನು ದಾಟಿ, ಉದ್ದನೆಯ ಗಾಜಿನ ಹಿಂದೆ ಮುಳ್ಳು ಓಡಾಡುವ ಹಳೆಯದೊಂದರ ಮುಂದೆ ನಿಂತರು. ಅದರ ಮೂಲೆಯಲ್ಲಿ ಇನ್ನೊಂದು ಪುಟ್ಟ ಮುಳ್ಳಿತ್ತು. ಸ್ಟೇಷನ್ ಸರಿಯಾಗಿ ಸಿಕ್ಕಿದಾಗ ಅದು ನಟ್ಟನಡುವೆ ಬಂದು ನಿಲ್ಲುತ್ತದೆ ಎಂದು ರೇಡಿಯೋದವನು ತಿರುಗಿಸಿ ತೋರಿಸಿದ.

"ಇದು ಇರ್ಲಿ," ಎಂದರು ಹೊಲಿಗೆಯಮ್ಮ. "ಕಿವಿಗೆ ಗೊತ್ತಾಗದೆ ಇದ್ರೂ ಕಣ್ಣಿಗೆ ಗೊತ್ತಾಗುತ್ತೆ."

ಟ್ಯೂನರಿನ ಆಯ್ಕೆ ಮುಗಿಯಿತು. ಕಿವಿಮೇಷ್ಟ್ರು ಮೂರು ವಾರ ಕಳೆದ ಕೆಲಸ ಅದು. ಅಷ್ಟರಲ್ಲಿ ಮೂರು ಹೊಡೆಯಿತು. ರೇಡಿಯೋದವನು ಮೊದಲು ಕಪ್ಪು ಸೆಟ್ಟಿಗೆ ತಂತಿ ಸಿಕ್ಕಿಸಿದ. ಪಿಟೀಲು ಶುರುವಾಯಿತು. ಹೊಲಿಗೆಯಮ್ಮ ಎಡಕ್ಕೆ ಬಲಕ್ಕೆ ತಲೆ ಹೊರಳಿಸಿ ನೋಡಿದರು.

"ಅರ್ಧ ಕೇಳ್ಸುತ್ತೆ, ಅರ್ಧ ಎಲ್ಲೋ ಹೋಗುತ್ತೆ."

"ಹಾಗೇ ಆಗೋದು, ಅಕ್ಕ. ಒಂದು ಕಿವಿಗೆ ಎರಡು ಕಡೆಯಿಂದ ಹಂಚಿ ಕೊಟ್ರೆ ಅರ್ಧ ತಪ್ಪಿಹೋಗುತ್ತೆ," ಎಂದು ರೇಡಿಯೋದವನು ಟ್ಯೂನರಿನ ಮೇಲಿದ್ದ ಒಂದು ಗುಂಡಿ ಒತ್ತಿದ. ಎಡಬಲದ ದನಿ ಎರಡೂ ಒಂದಾಗಿ ಎರಡು ಪೆಟ್ಟಿಗೆಯಿಂದಲೂ ಬರತೊಡಗಿತು. ಹೊಲಿಗೆಯಮ್ಮ ತಲೆಯಾಡಿಸಿದರು. ನೆಲದ ಮೇಲೆ ತಾವು ಎಳೆದ ಎರಡು ತಿಂಗಳ ಗೆರೆಗಳನ್ನು ಕಿವಿಮೇಷ್ಟ್ರು ನೋಡುತ್ತಾ ನಿಂತರು.

ಒಂದಾದ ಮೇಲೊಂದು ಸೆಟ್ಟಿಗೆ ತಂತಿ ಬದಲಾಯಿಸುತ್ತಾ ಬಂದು, ಕೊನೆಗೆ ಮರದ ಪೆಟ್ಟಿಗೆಯದಕ್ಕೆ ಸಿಕ್ಕಿಸಿದಾಗ ಹೊಲಿಗೆಯಮ್ಮನ ಕೈ ಮಡಿಲಲ್ಲಿ ಸುಮ್ಮನಾಯಿತು. ಐದು ನಿಮಿಷ ಅಲುಗಾಡಲಿಲ್ಲ.

"ಇದೇ," ಎಂದರು. "ನಮ್ಮಣ್ಣನ ಅಂಗಡಿದು ಹೀಗೇ ಇತ್ತು."

ಕಿವಿಮೇಷ್ಟ್ರಿಗೆ ತಡೆಯಲಾಗಲಿಲ್ಲ. ಆಕೆಯ ಬಲಕ್ಕೆ ಬಂದು ಬಗ್ಗಿ, "ಅದು ಗುಂಯ್ ಅಂತಿದೆ ಕಣೇ," ಎಂದರು.

"ನಂಗೆ ಕೇಳ್ಸಲ್ಲ."

"ಪಿಟೀಲಿನ ಕೆಳಗೇ ಇದೆ. ರಿಪೇರಿಗೆ ಒಂದು ವಾರ ಬೇಕಂತೆ. ಮಾಡ್ಸಿಕೊಂಡೇ ಹೋಗೋಣ."

ಹೊಲಿಗೆಯಮ್ಮ ಅವರ ಕಡೆ ತಿರುಗಿದರು. ಸಿಟ್ಟಿರಲಿಲ್ಲ, ಆದರೆ ಮಾತು ನೇರವಾಗಿತ್ತು.

"ನಿಮಗೆ ಕೇಳ್ಸುತ್ತೆ ಅಂತ ನಾನು ಇನ್ನೂ ಎಷ್ಟು ದಿನ ಕಾಯ್ಲಿ ಹೇಳಿ?"

ರೇಡಿಯೋದವನು ಏನೋ ಹುಡುಕುವವನ ಹಾಗೆ ಡ್ರಾಯರಿನೊಳಗೆ ಕೈ ಹಾಕಿದ. ಕಿವಿಮೇಷ್ಟ್ರು ನೆಟ್ಟಗೆ ನಿಂತುಕೊಂಡು, ಪಿಟೀಲು ಮುಗಿಯುವವರೆಗೂ ಕೇಳಿದರು. ಐದು ತಿಂಗಳಲ್ಲಿ ಆ ಅಂಗಡಿಯಲ್ಲಿ ಅವರು ಕೊನೆಯವರೆಗೆ ಕೇಳಿದ ಮೊದಲ ಸಂಗೀತ ಅದು. ಅಂದು ಸಂಜೆಯೇ ಆಟೋದಲ್ಲಿ ಮರದ ಪೆಟ್ಟಿಗೆ, ಮುಳ್ಳಿನ ಟ್ಯೂನರು, ಎರಡು ಸ್ಪೀಕರು ಮನೆಗೆ ಬಂದವು.

ಸೆಟ್ಟಿಟ್ಟದ್ದು ಹೊಲಿಗೆ ಮಷೀನಿನ ಎದುರಿಗೆ. ಆಮೇಲೆ ಆ ಮನೆ ಬದಲಾಗಿಹೋಯಿತು ಎನ್ನಬೇಕು. ಬೆಳಿಗ್ಗೆ ವಾರ್ತೆ, ಹತ್ತಕ್ಕೆ ಯಾರದೋ ಭಾಷಣ, ಮಧ್ಯಾಹ್ನ ಹಾಡು, ಹವಾಮಾನ, ಹೀಗೆ ಯಾವುದನ್ನೂ ಬಿಡದೆ ಹೊಲಿಗೆಯಮ್ಮ ಕೇಳಿದರು. ಕುರ್ಚಿ ಕಾಲಿನ ಬಟ್ಟೆಗಳನ್ನು ಕಿತ್ತು ನೆಲ ಒರೆಸಲು ಬಳಸಿದರು. ಗಡಿಯಾರ ಒಳಗೆ ಬಂತು, ಮೂರು ದಿನ ಕಟ್ಟಡದವರೆಲ್ಲ ಗಂಟೆ ಕೇಳಿಕೊಂಡು ಬಾಗಿಲು ತಟ್ಟಿದ ಮೇಲೆ ಮತ್ತೆ ಹೊರಗೆ ಹೋಯಿತು. ಗುಂಯ್ ಎನ್ನುವುದು ಮಾತ್ರ ದಿನವಿಡೀ ಕಿವಿಮೇಷ್ಟ್ರ ಜೀವ ಹಿಂಡುತ್ತಿತ್ತು. ಊಟಕ್ಕೆ ಕೂತರೂ ಅದು, ಪೇಪರು ಹಿಡಿದರೂ ಅದು. "ತಂದ್ಕೊಡಿ, ವಾರದಲ್ಲಿ ಸರಿಮಾಡ್ತೀನಿ," ಎಂದು ರೇಡಿಯೋದವನು ಎರಡು ಸಲ ಫೋನು ಮಾಡಿದ. ವಾರವೆಂದರೆ ಒಂದು ಗುರುವಾರ. ಐದು ತಿಂಗಳ ಗುರುವಾರಗಳನ್ನು ತಮ್ಮ ಕೈಯಾರೆ ಕಳೆದಿದ್ದ ಕಿವಿಮೇಷ್ಟ್ರು ಇನ್ನೊಂದನ್ನು ಬಿಟ್ಟುಕೊಡಲು ತಯಾರಿರಲಿಲ್ಲ.

ಡಾಕ್ಟರಮ್ಮ ಹೇಳಿದ್ದು ಹೆಚ್ಚುಕಡಿಮೆ ಸರಿಯಾಗಿತ್ತು. ಸೆಟ್ಟು ಬಂದ ಮೇಲೆ ಹೊಲಿಗೆಯಮ್ಮನಿಗೆ ನಲವತ್ತಮೂರು ಗುರುವಾರಗಳು ಸಿಕ್ಕಿದವು. ಮೊದಲು ಮಾತು ಹೋಯಿತು, ವಾರ್ತೆಯವರು ಬಾಯಿಯಲ್ಲಿ ಹತ್ತಿ ಇಟ್ಟುಕೊಂಡು ಓದುತ್ತಿದ್ದಾರೆ ಎಂದು ಆಕೆ ನಕ್ಕರು. ಆಮೇಲೆ ಹಾಡಿನ ಪದಗಳು ಹೋದವು. ಪಿಟೀಲು ಬಹಳ ದಿನ ಉಳಿಯಿತು. ನಲವತ್ತನಾಲ್ಕನೆಯ ಗುರುವಾರ ಮೂರೂ ಹತ್ತಕ್ಕೆ, ಪಿಟೀಲಿನವರು ಒಳ್ಳೆಯ ವೇಗದಲ್ಲಿರುವಾಗ, ಆಕೆ ಸ್ಪೀಕರಿನ ಕಡೆ ನೋಡುತ್ತಾ, "ಇವತ್ತು ಯಾಕೋ ತಡ ಮಾಡ್ತಿದಾರೆ," ಎಂದರು. ಸ್ವಲ್ಪ ಹೊತ್ತಿನ ಮೇಲೆ ಟ್ಯೂನರಿನ ಪುಟ್ಟ ಮುಳ್ಳು ನಟ್ಟನಡುವೆ ನಿಂತಿರುವುದು ಆಕೆಯ ಕಣ್ಣಿಗೆ ಬಿತ್ತು. ಅಂದು ಇಬ್ಬರೂ ಊಟ ಮಾಡಲಿಲ್ಲ.

ಅದಾಗಿ ಎರಡು ತಿಂಗಳಿಗೆ, ಗುರುವಾರವೇ, ರೇಡಿಯೋದವನು ಕೈಯಲ್ಲಿ ಸಣ್ಣ ಚೀಲ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ಹೊಲಿಗೆಯಮ್ಮ ಅಡುಗೆಮನೆಯಲ್ಲಿದ್ದರು. ಸೆಟ್ಟು ಆನ್ ಆಗಿತ್ತು, ಸ್ಟೇಷನ್ ಸರಿಯಾಗಿ ನಿಂತಿತ್ತು. ಪ್ರತಿ ಗುರುವಾರ ಎರಡೂಮುಕ್ಕಾಲಿಗೆ ಆಕೆಯೇ ಮುಳ್ಳು ನೋಡಿಕೊಂಡು ಹಚ್ಚಿಡುತ್ತಿದ್ದರು.

"ಮೇಷ್ಟ್ರೇ, ಅಕ್ಕನ ವಿಷಯ ಗೊತ್ತಾಯ್ತು," ಎಂದು ರೇಡಿಯೋದವನು ಚಪ್ಪಲಿ ಬಿಟ್ಟು ಒಳಗೆ ಬಂದ. ಆಮೇಲೆ ಚೀಲದಿಂದ ಸ್ಕ್ರೂಡ್ರೈವರ್ ತೆಗೆದ. "ಇದು ನಿಮ್ಮ ಜೀವ ತಿಂತಾ ಇದೆ ಅಂತ ನಂಗೊತ್ತು. ಈಗ ಹೇಗೂ ಅವಸರ ಇಲ್ವಲ್ಲ. ತಗೊಂಡು ಹೋಗಿ ಸರಿಮಾಡ್ಕೊಂಡು ಬರ್ತೀನಿ. ದುಡ್ಡೇನೂ ಬೇಡ."

ಅಷ್ಟರಲ್ಲಿ ಹೊಲಿಗೆಯಮ್ಮ ಕೈ ಒರೆಸಿಕೊಂಡು ಬಂದರು. ಬಂದವನನ್ನು ನೋಡಿ, "ಕೂತ್ಕೋಪ್ಪ," ಎಂದರು. ನೇರವಾಗಿ ಮರದ ಪೆಟ್ಟಿಗೆಯ ಹತ್ತಿರ ಹೋಗಿ, ಅಂಗೈಯನ್ನು ಮುಚ್ಚಳದ ಮೇಲೆ, ಸೀಮೆಸುಣ್ಣದ ಗುರುತಿನ ಮೇಲೆ, ಊರಿ ನಿಂತರು. ಗುಂಯ್ ಎನ್ನುವುದು ಅಂಗೈಗೆ ಸಿಕ್ಕಿತು. ಮುಖ ಸಡಿಲಾಯಿತು. ಪಕ್ಕದ ಕುರ್ಚಿ ಎಳೆದುಕೊಂಡು, ಕೈಯನ್ನು ಅಲ್ಲೇ ಇಟ್ಟು ಕೂತರು.

ಕಿವಿಮೇಷ್ಟ್ರು ಆ ಕೈಯನ್ನು ನೋಡಿದರು, ರೇಡಿಯೋದವನೂ ನೋಡಿದ.

"ಬೇಡಪ್ಪ," ಎಂದರು ಕಿವಿಮೇಷ್ಟ್ರು. "ಅದು ಹಾಗೇ ಇರ್ಲಿ. ಅವಳಿಗೆ ಈಗ ಅದೊಂದೇ ಸಿಗೋದು."

ರೇಡಿಯೋದವನು ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡು ಗೋಡೆಗೆ ಒರಗಿ ಕೂತ. ಮೂರು ಹೊಡೆಯಿತು. ಹೊಲಿಗೆಯಮ್ಮ ಗಂಡನ ಕಡೆ ತಿರುಗಿ, "ಶುರುವಾಯ್ತಾ?" ಎಂದರು. ಕಿವಿಮೇಷ್ಟ್ರು ತಲೆಯಾಡಿಸಿದರು.

ಅರ್ಧ ಗಂಟೆ ಮುಗಿದ ಮೇಲೆ ಆಕೆ ಪ್ರತಿ ವಾರದಂತೆ ಕೇಳಿದರು, "ಹೇಗಿತ್ತು?"

ಈ ಪ್ರಶ್ನೆಗೆ ಉತ್ತರ ಕೊಡುವುದು ಕಿವಿಮೇಷ್ಟ್ರಿಗೆ ಸುತರಾಂ ಬಾರದ ಕೆಲಸ. ಅವರ ಬದುಕಿನಲ್ಲಿ ಸರಿಯಾದ ಬಟ್ಟಲಿನ ಬಗ್ಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಹೇಳಬೇಕಾಗಿದ್ದದ್ದು ಒಡೆದದ್ದರ ಬಗ್ಗೆ ಮಾತ್ರ.

"ನಡುವೆ ಒಂದು ಕಡೆ ತಪ್ಪಿದ," ಎಂದರು, ಬಿಡಿಸಿ ಬಿಡಿಸಿ.

ಹೊಲಿಗೆಯಮ್ಮ ಅವರ ತುಟಿಯನ್ನೇ ನೋಡುತ್ತಿದ್ದರು. ಓದಿಕೊಂಡು, ಇನ್ನೊಂದು ಕೈಯನ್ನು ಸಾಕು ಎನ್ನುವ ಹಾಗೆ ಆಡಿಸಿದರು.

"ತಪ್ಪಿದ್ದು ಇರ್ಲಿ ಬಿಡಿ, ರೀ. ಮಿಕ್ಕಿದ್ದು ಹೇಳಿ."

ಕಿವಿಮೇಷ್ಟ್ರು ಕುರ್ಚಿಯನ್ನು ಆಕೆಯ ಎದುರಿಗೆ ಎಳೆದುಕೊಂಡು, ತುಟಿ ಕಾಣುವ ಹಾಗೆ ಕಿಟಕಿಯ ಬೆಳಕಿಗೆ ಮುಖ ಮಾಡಿ, ಮೊದಲಿನಿಂದ ಹೇಳತೊಡಗಿದರು.